ಜೋಯಿಡಾ ಎಂಬ ಹೆಸರಿಗೆ ಮೂರು ಲೆಕ್ಕ

ರಾಮನಗರದ ನಮ್ಮ ಓಣಿಯ ಅಜ್ಜನೊಬ್ಬರ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರು, ಕೇರಿ, ಗದ್ದೆ, ಹಳ್ಳ, ದೇವರ ಬನಗಳ ಹೆಸರನ್ನು ನೆನಪಾದ ಹಾಗೆಲ್ಲ ಅದರಲ್ಲಿ ಬರೆದಿಟ್ಟಿದ್ದಾರೆ. ಒಂದೊಂದು ಹೆಸರಿನ ಮುಂದೆ ಅಲ್ಲಿದ್ದ ಮನೆತನ ಯಾವುದು, ಆ ಜನ ಈಗ ಎಲ್ಲಿದ್ದಾರೆ ಎಂಬ ಟಿಪ್ಪಣಿ. ರಾಮನಗರ ಎಂದರೆ ಬೆಂಗಳೂರಿನ ಪಕ್ಕದ ರೇಷ್ಮೆಗೂಡಿನ ಪೇಟೆಯಲ್ಲ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿಯಲ್ಲಿ, ಲೋಂಡಾ ದಾಟಿದ ಮೇಲೆ ಸಿಗುವ, ಜೋಯಿಡಾ ತಾಲೂಕಿನ ರಾಮನಗರ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದಾಗ ನೆಲೆ ಕಳೆದುಕೊಂಡವರು ಬಂದು ನೆಲೆಸಿದ ಊರು. ಹಳೆಯ ಸೂಪಾ ಪೇಟೆಯೇ ನೀರಿನಡಿ ಹೋಯಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು.

ಆ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಇಳಿಸೋಣ ಎಂದು ನಾವು ಮೂವರು ಕುಳಿತೆವು. ಒಬ್ಬರು ಮೊಬೈಲಿನಲ್ಲಿ ಟೈಪ್ ಮಾಡಿದರು. ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲಿ. ಮೊದಲ ನಲವತ್ತು ಪುಟಗಳನ್ನು ಯಾರೋ ಹಿಂದೆಯೇ ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಮಾಡಿಸಿಟ್ಟಿದ್ದರು. ಅದನ್ನು ನಾನು ಯೂನಿಕೋಡ್‌ಗೆ ಪರಿವರ್ತಿಸಿದೆ. ಎಲ್ಲ ಒಟ್ಟುಗೂಡಿಸಿ, ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈಗ ಜೋಯಿಡಾದಲ್ಲಿ ನೆಲೆಸಿರುವ ಮನೆತನಗಳು ಎಷ್ಟು ಎಂದು ನೋಡಲು 'ಜೋಯಿಡಾ' ಎಂದು ಹುಡುಕಿದೆವು. ಅರ್ಧಕ್ಕರ್ಧ ಬರಲೇ ಇಲ್ಲ. ಕಣ್ಣೆದುರಿಗೇ ಪರದೆಯ ಮೇಲೆ 'ಜೋಯಿಡಾ' ಎಂದು ಬರೆದಿದೆ, ಯಂತ್ರ ಮಾತ್ರ ಇಲ್ಲ ಎನ್ನುತ್ತಿದೆ.

"ತಮ್ಮಾ, ಒಂದ್ಸಲ ನೀರಾಗ ಹೋದ ಹೆಸರು, ಈಗ ಇದರಾಗೂ ಹೋದ್ವೇನು?" ಎಂದರು ಅಜ್ಜ. ನನಗೆ ಉತ್ತರ ಗೊತ್ತಿರಲಿಲ್ಲ. ಯಾರು ಬೇಕಾದರೂ ಬಳಸಿ ತಿದ್ದಲು ಬಿಟ್ಟುಕೊಟ್ಟ ಕೋಡಿನ, ಅಂದರೆ ಓಪನ್ ಸೋರ್ಸ್ ಲೈಬ್ರರಿಗಳ ಲೋಕಕ್ಕೆ ನಾನು ಕಾಲಿಟ್ಟದ್ದು ಆ ಸಂಜೆ.

ತೊಂದರೆ ಎಲ್ಲಿತ್ತು ಎಂದು ಹೇಳುತ್ತೇನೆ. ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತವರಿಗೆಲ್ಲ ಇದು ತಿಳಿಯುತ್ತದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಜಗತ್ತಿನ ಲಿಪಿಗಳ ಒಂದೊಂದು ಗುರುತಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿಯೇ ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಅಲ್ಲಿ 128 ಮನೆಗಳ ಒಂದು ಓಣಿ ಸಿಕ್ಕಿತು: 3200ನೇ ಸಂಖ್ಯೆಯಿಂದ 3327ರವರೆಗೆ. ಕೆಲವು ಮನೆ ಈಗಲೂ ಖಾಲಿ ಇವೆ. ಈಗ 'ಜೋ' ನೋಡಿ. ಜಕಾರಕ್ಕೆ ಓತ್ವ ಕೊಟ್ಟರೆ ಜೋ. ಓತ್ವಕ್ಕೆ 3275 ಎಂಬ ತನ್ನದೇ ಸಂಖ್ಯೆ ಇದೆ. ಆದರೆ ಬರೆಯುವಾಗ ಓತ್ವ ಒಂದೇ ಗುರುತಲ್ಲವಲ್ಲ. ಎತ್ವ, ಕೊಂಬಿನ ಇಳಿ, ದೀರ್ಘ ಮೂರೂ ಸೇರಿದ್ದು. ಆ ಮೂರಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಹಾಗಾಗಿ 'ಜೋಯಿಡಾ' ಎಂಬ ಮೂರಕ್ಷರದ ಹೆಸರು ಓತ್ವವನ್ನು ಇಡಿಯಾಗಿ ಬಳಸಿದರೆ 6 ಸಂಖ್ಯೆ, ಒತ್ವದ ಮುಂದೆ ದೀರ್ಘ ಇಟ್ಟರೆ 7 ಸಂಖ್ಯೆ, ಪೂರ್ತಿ ಬಿಡಿಬಿಡಿಯಾಗಿ ಇಟ್ಟರೆ 8 ಸಂಖ್ಯೆ. ಮೂರೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಹುಡುಕುವ ಯಂತ್ರ ಕಣ್ಣಿನಿಂದ ನೋಡುವುದಿಲ್ಲ, ಸಂಖ್ಯೆ ತಾಳೆ ಹಾಕುತ್ತದೆ. ಅದಕ್ಕೆ ಇವು ಮೂರು ಬೇರೆ ಊರು.

ನಮ್ಮ ಪಟ್ಟಿಯಲ್ಲಿ ಕೈಯಿಂದ ಟೈಪ್ ಮಾಡಿದ ಪುಟಗಳಲ್ಲಿ ಆರು ಇತ್ತು, ಹಳೆಯ ಫಾಂಟಿನಿಂದ ಬಂದ ಪುಟಗಳಲ್ಲಿ ಎಂಟು.

ಇದನ್ನು ಸರಿಪಡಿಸಲು ನಾನು ಏನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ. ಬಿಡಿಬಿಡಿ ಗುರುತುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ. ಆ ನಿಯಮವನ್ನು ಕೋಡಿಗೆ ಇಳಿಸಿದ ಲೈಬ್ರರಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುತ್ತದೆ. ನಾನು ಬರೆದದ್ದು ಒಂದು ಸಾಲು. ಆ ಸಾಲಿನ ಹಿಂದೆ ಯಾರು ಯಾರೋ, ಎಲ್ಲೆಲ್ಲೋ ಕುಳಿತು, 'ೆ' ಮತ್ತು 'ೂ' ಸೇರಿದರೆ 'ೊ' ಎಂದು ಪಟ್ಟಿ ಮಾಡಿ, ಪರೀಕ್ಷಿಸಿ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ ಕೆಲಸವಿತ್ತು. ಅವರಲ್ಲಿ ಎಷ್ಟು ಜನಕ್ಕೆ ಕನ್ನಡ ಓದಲು ಬರುತ್ತಿತ್ತೋ. ಜೋಯಿಡಾ ಎಂಬ ಊರಿದೆ ಎಂದು ಅವರಿಗೆ ಗೊತ್ತಿರುವುದಂತೂ ಸಾಧ್ಯವಿಲ್ಲ. ಅಂದು ರಾತ್ರಿ ಪಟ್ಟಿ ಸರಿಯಾಗಿ, ಜೋಯಿಡಾದ ಮನೆತನಗಳೆಲ್ಲ ಒಂದೇ ಕಡೆ ಬಂದು ನಿಂತಾಗ ನನ್ನ ಗಂಟಲು ಕಟ್ಟಿತು.

ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ. ಇನ್ನೊಬ್ಬರು ತಮ್ಮ ಪ್ರೋಗ್ರಾಂ ಒಳಗೆ ತೆಗೆದುಕೊಂಡು ಬಳಸಲೆಂದೇ ಬರೆದಿಟ್ಟ ಕೋಡು. ಆ್ಯಪ್ ಎಂದರೆ ಅಡುಗೆ ಎನ್ನುವುದಾದರೆ, ಲೈಬ್ರರಿ ಎಂದರೆ ಕುಟ್ಟಿ ಡಬ್ಬಿಗೆ ತುಂಬಿಟ್ಟ ಸಾರಿನ ಪುಡಿ. ಉಣ್ಣುವವರಿಗೆ ಡಬ್ಬಿ ಕಾಣುವುದಿಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ಒಂದು ಕನ್ನಡ ವಾಕ್ಯ ಓದುವಾಗ ಒತ್ತಕ್ಷರವನ್ನು ಕೆಳಗೆ ಕೂರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರೊಳಗೂ ಅದು ಇದೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವಾಗ ಇಂಗ್ಲಿಷ್ ಕೀಲಿಗಳನ್ನು ಕನ್ನಡವಾಗಿಸುವುದು ಜೆಕ್ವೆರಿ ಐಎಂಇ ಎಂಬ ಇನ್ನೊಂದು ಲೈಬ್ರರಿ. ಅದರೊಳಗೆ ಒಂದೊಂದು ಭಾಷೆಯ ಒಂದೊಂದು ಕೀಲಿಮಣೆಗೂ ಒಂದೊಂದು ಕಡತವಿದೆ. ಕೆ.ಪಿ. ರಾವ್ ಅವರು ರೂಪಿಸಿ ನಾಡಿಗೆ ಕೊಟ್ಟ ಕೀಲಿಮಣೆ ವಿನ್ಯಾಸವೂ ಅಲ್ಲಿ ಒಂದು ಕಡತವಾಗಿ ಕುಳಿತಿದೆ. ಹತ್ತಾರು ಸಾಲಿನ ನಿಯಮಗಳಷ್ಟೇ. ಆ ಕಡತ ಇಲ್ಲದಿದ್ದರೆ ಆ ವಿನ್ಯಾಸ ಕಲಿತ ಬೆರಳುಗಳಿಗೆ ಅಲ್ಲಿ ಬರೆಯಲು ದಾರಿಯಿಲ್ಲ.

ಹಳೆಯ ಫಾಂಟಿನ ನಲವತ್ತು ಪುಟಗಳ ಮಾತಿಗೆ ಮರಳುತ್ತೇನೆ, ಏಕೆಂದರೆ ಕನ್ನಡದ ಮಟ್ಟಿಗೆ ಇದು ದೊಡ್ಡ ಕಥೆ. ಯೂನಿಕೋಡ್ ಮನೆಮಾತಾಗುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಬರೆದದ್ದೆಲ್ಲ ಇಂಗ್ಲಿಷ್ ಮತ್ತು ಐರೋಪ್ಯ ಗುರುತುಗಳ ಸಂಖ್ಯೆಗಳಿಗೆ ಕನ್ನಡದ ಆಕಾರ ತೊಡಿಸಿದ್ದು. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಗೀರುಗಳ ಸಾಲು. ಪುಸ್ತಕಗಳು, ಪಹಣಿಗಳು, ಆಮಂತ್ರಣಗಳು, ಕಚೇರಿಯ ಸುತ್ತೋಲೆಗಳು, ಎಷ್ಟೋ ವರ್ಷದ ಕನ್ನಡ ಹಾಗೆ ಬೀಗದೊಳಗಿತ್ತು. ಬೀಗ ತೆಗೆಯಲು ಪರಿವರ್ತಕ ಬೇಕು. ಗುಬ್ಬಿ, ನವಿಲು ಎಂಬ ಚಂದದ ಮುಕ್ತ ಫಾಂಟುಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರು ಅಂಥದೊಂದು ಪರಿವರ್ತಕದ ಕೋಡನ್ನೂ ಬರೆದು ಮುಕ್ತವಾಗಿ ಬಿಟ್ಟರು. ಅದರ ಒಳಗೆ ಒಮ್ಮೆ ಇಣುಕಿ ನೋಡಿದರೆ ಎಂಥ ಸೂಕ್ಷ್ಮದ ಕೆಲಸ ಎಂದು ತಿಳಿಯುತ್ತದೆ. 'ಕರ್ನಾಟಕ' ಎಂಬ ಪದ ತೆಗೆದುಕೊಳ್ಳಿ. ಹಳೆಯ ಫಾಂಟಿನಲ್ಲಿ ಅದು ಕಂಡ ಹಾಗೆಯೇ ಕೂತಿರುತ್ತದೆ: ಮೊದಲು ಕ, ಆಮೇಲೆ ನಾ, ಆಮೇಲೆ ಅರ್ಕಾವತ್ತು, ಆಮೇಲೆ ಟ, ಕ. ಯೂನಿಕೋಡ್‌ನಲ್ಲಿ ಉಚ್ಚರಿಸಿದ ಹಾಗೆ ಕೂರಬೇಕು: ಕ, ರ್, ನಾ, ಟ, ಕ. ಅಂದರೆ ಅರ್ಕಾವತ್ತು ಕಂಡ ಕೂಡಲೇ ಅದನ್ನು ಎತ್ತಿ, ಹಿಂದಿನ ಇಡೀ ಅಕ್ಷರವನ್ನು ದಾಟಿಸಿ, ಅದರ ಮುಂದೆ ತಂದಿಡಬೇಕು. ಆ ಅಕ್ಷರಕ್ಕೆ ಸ್ವರವೂ ಒತ್ತೂ ಇದ್ದರೆ ಎರಡನ್ನೂ ದಾಟಬೇಕು. ಎಲ್ಲಿ ಅಕ್ಷರ ಮುಗಿಯುತ್ತದೆ ಎಂದು ಕೋಡಿಗೆ ಗೊತ್ತಾಗಬೇಕು. ಕನ್ನಡದ ಕೈಬರಹದ ರೂಢಿಯನ್ನು ಒಬ್ಬರು ಕುಳಿತು ಯಂತ್ರಕ್ಕೆ ಪಾಠ ಹೇಳಿದ ಹಾಗೆ ಅದು.

ನಾನು ಬಳಸಿದ ಪರಿವರ್ತಕ ಬೇರೆ. ಅದು ಓತ್ವವನ್ನು ಕೂಡಿಸುತ್ತಿರಲಿಲ್ಲ, ಎಂಟರ ಲೆಕ್ಕ ಬಂದದ್ದು ಅಲ್ಲಿಂದ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ರೂಪವನ್ನೆಲ್ಲ ಒಂದು ಮಾಡಿದ ಮೇಲೂ 'ದಾಂಡೇಲಿ' ಎಂದು ಹುಡುಕಿದರೆ ಕೆಲವು ಸಾಲು ತಪ್ಪಿಹೋಗುತ್ತಿದ್ದವು. 'ಮುಂಡಗೋಡ'ದ್ದೂ ಅದೇ ಪಾಡು. ಒಂದು ಇಡೀ ಭಾನುವಾರ ಕಣ್ಣು ಕೀಲಿಸಿಕೊಂಡು ನೋಡಿದ ಮೇಲೆ ಗೊತ್ತಾಯಿತು: ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದರು. ದಾಂಡೇಲಿ ಅಲ್ಲ, ದಾ೦ಡೇಲಿ. ಎರಡನ್ನೂ ಇಲ್ಲಿ ಅಕ್ಕಪಕ್ಕ ಅಚ್ಚು ಹಾಕಿದೆ. ವ್ಯತ್ಯಾಸ ಹಿಡಿಯಲು ಪ್ರಯತ್ನಿಸಿ. ಇದು ನಮ್ಮ ಪಟ್ಟಿಯದ್ದಷ್ಟೇ ಕಾಯಿಲೆಯಲ್ಲ. ಕನ್ನಡದ ಅಂತರ್ಜಾಲ ಬರಹಗಳಲ್ಲಿ ಇದು ಎಲ್ಲೆಲ್ಲೂ ಸಿಗುತ್ತದೆ. ಯೂನಿಕೋಡ್ ನಿಯಮ ಇದನ್ನು ಮುಟ್ಟುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಸೊನ್ನೆ ಸೊನ್ನೆಯೇ.

ಕನ್ನಡ ಪಠ್ಯ ತೊಳೆಯುವ ಒಂದು ಪುಟ್ಟ ಲೈಬ್ರರಿಯನ್ನು ನಾನು ಆಗ ಬಳಸುತ್ತಿದ್ದೆ. ಅದರಲ್ಲಿ ಈ ಸೊನ್ನೆಗೆ ಪರಿಹಾರ ಇರಲಿಲ್ಲ. ಕೋಡು ಎಲ್ಲರಿಗೂ ತೆರೆದಿತ್ತು. ಹಾಗಾದರೆ ನಾನೇ ಸೇರಿಸಬಹುದಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು.

ಕೊಡುಗೆ ನೀಡುವ ಕ್ರಮ ಹೀಗೆ. ಮೂಲ ಕೋಡಿನ ಒಂದು ಪ್ರತಿಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳುತ್ತೀರಿ. ಅದರಲ್ಲಿ ತಿದ್ದುತ್ತೀರಿ. ಆಮೇಲೆ, 'ಇದನ್ನು ನಿಮ್ಮದಕ್ಕೆ ಸೇರಿಸಿಕೊಳ್ಳುತ್ತೀರಾ' ಎಂದು ಮೂಲದವರಿಗೆ ಕೋರಿಕೆ ಕಳಿಸುತ್ತೀರಿ. ಪುಲ್ ರಿಕ್ವೆಸ್ಟ್ ಎನ್ನುವುದು ಇದಕ್ಕೇ. ಅವರು ಓದಿ, ಪ್ರಶ್ನೆ ಕೇಳಿ, ಒಪ್ಪಿದರೆ ಸೇರಿಸಿಕೊಳ್ಳುತ್ತಾರೆ. ಇದಕ್ಕೆಲ್ಲ ಆಧಾರವಾದ ಗಿಟ್ ಎಂಬ ಸಾಧನವನ್ನು ಲಿನಕ್ಸ್‌ನ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದರು. ಜೋಯಿಡಾ ಕಡೆಯ ಹುಡುಗರಿಗೆ ಗಿಟ್‌ನ ಒಂದು ಗುಣವನ್ನು ಒತ್ತಿ ಹೇಳುತ್ತೇನೆ: ಅದಕ್ಕೆ ಸದಾ ನೆಟ್‌ವರ್ಕ್ ಬೇಡ. ಕೋಡಿನ ಇಡೀ ಇತಿಹಾಸವೇ ನಿಮ್ಮ ಯಂತ್ರದಲ್ಲಿರುತ್ತದೆ. ಕಾಡಿನೊಳಗಿನ ಮನೆಯಲ್ಲಿ ಸಿಗ್ನಲ್ ಇಲ್ಲದೆ ನಾಲ್ಕು ದಿನ ತಿದ್ದಿ, ಒಂದೊಂದು ತಿದ್ದುಪಡಿಗೂ ಟಿಪ್ಪಣಿ ಹಾಕಿಟ್ಟು, ಸಂತೆಗೆ ಬಂದ ದಿನ ರಾಮನಗರದಲ್ಲಿ ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸಬಹುದು. ಮಳೆಗಾಲದಲ್ಲಿ ನಾನು ಮಾಡಿದ್ದು ಹಾಗೆಯೇ.

ನನ್ನ ತಿದ್ದುಪಡಿ ಎರಡೇ ಸಾಲು: ಎಲ್ಲಿ ಅಂಕಿಯ ಸೊನ್ನೆ ಕಂಡರೂ ಅನುಸ್ವಾರವಾಗಿಸು. ಹೆಮ್ಮೆಯಿಂದ ಕಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು. ಆ ಲೈಬ್ರರಿ ನೋಡಿಕೊಳ್ಳುವವರು ಕೇಳಿದ್ದು ಒಂದೇ ಪ್ರಶ್ನೆ: '೧೦೦ ಎಂದು ಬರೆದಿದ್ದರೆ?'

ಅಷ್ಟು ಸಾಕಾಯಿತು. ನನ್ನ ಕೋಡು ನೂರನ್ನು ಒಂದರ ಮುಂದೆ ಎರಡು ಅನುಸ್ವಾರ ಮಾಡಿ ಕೂರಿಸುತ್ತಿತ್ತು. ಹಿಂದೆ ಅಕ್ಷರವಿದ್ದರೆ ಮಾತ್ರ ಬದಲಿಸು, ಅಂಕಿಯಿದ್ದರೆ ಬೇಡ ಎಂದು ತಿದ್ದಿದೆ. ಮತ್ತೆ ಪ್ರಶ್ನೆ: ಅಕ್ಷರದ ನಂತರ ಜಾಗ ಬಿಡದೆ ನಿಜವಾಗಿಯೇ ಸೊನ್ನೆ ಬರೆಯುವ ಸಂದರ್ಭ ಇದೆಯೇ? ಸರ್ವೆ ನಂಬರುಗಳಲ್ಲಿ, ವಾಹನದ ಸಂಖ್ಯೆಗಳಲ್ಲಿ ಇರಬಹುದು ಎಂದೆ. ಹಾಗಾದರೆ ಸೊನ್ನೆಯ ಮುಂದೆ ಏನಿದೆ ಎಂದೂ ನೋಡಬೇಕು ಎಂದರು. ಹೀಗೆ ಎರಡು ಸಾಲು ಹನ್ನೊಂದಾಯಿತು. ಜೊತೆಗೆ ಪರೀಕ್ಷೆ ಬರೆಯಲು ಹೇಳಿದರು. ಪರೀಕ್ಷೆ ಎಂದರೆ, ಇದನ್ನು ಕೊಟ್ಟರೆ ಇದೇ ಬರಬೇಕು ಎಂದು ಬರೆದಿಡುವ ಸಾಲುಗಳು. ಮುಂದೆ ಯಾರು ಏನು ತಿದ್ದಿದರೂ ಆ ಸಾಲುಗಳು ತಾವಾಗಿಯೇ ಓಡಿ, ಹಳೆಯದು ಕೆಟ್ಟಿದೆಯೇ ಎಂದು ನೋಡುತ್ತವೆ. ದಾ೦ಡೇಲಿ ಕೊಟ್ಟರೆ ದಾಂಡೇಲಿ ಬರಬೇಕು. ೧೦೦ ಕೊಟ್ಟರೆ ೧೦೦ ಹಾಗೇ ಉಳಿಯಬೇಕು. ಆರು ವಾರ ಹಿಡಿಯಿತು. ಹನ್ನೊಂದು ಸಾಲಿಗೆ ಆರು ವಾರ ಎಂದು ಬೇಸರಪಡಬಹುದಿತ್ತು. ಆದರೆ ಸೊನ್ನೆಯ ಬಗ್ಗೆ ಅಷ್ಟು ಎಚ್ಚರದಿಂದ ಯಾರೂ ನನಗೆ ಹಿಂದೆಂದೂ ಪಾಠ ಹೇಳಿರಲಿಲ್ಲ. ನಮ್ಮ ದಾಂಡೇಲಿ ಆ ಲೈಬ್ರರಿಯ ಪರೀಕ್ಷೆಯ ಸಾಲಿನಲ್ಲಿ ಈಗಲೂ ಇದೆ. ಯಾರೇ ಅದನ್ನು ತಿದ್ದಿದಾಗಲೂ ಯಂತ್ರ ಮೊದಲು ಆ ಊರಿನ ಹೆಸರನ್ನು ಸರಿಯಾಗಿ ಓದಿ ತೋರಿಸಬೇಕು.

ಮಲೆನಾಡಿನಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಎಂಬ ಪದ್ಧತಿ ಇದೆ. ಇಂದು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಓಪನ್ ಸೋರ್ಸ್ ಬಗ್ಗೆ ಕೇಳಿದವರು ಇದೂ ಅದೇ ಅಲ್ಲವೇ ಎನ್ನುತ್ತಾರೆ. ಪೂರ್ತಿ ಅದೇ ಅಲ್ಲ. ಮುಯ್ಯಾಳಿನಲ್ಲಿ ಯಾರ ಮನೆಗೆ ಹೋಗಿದ್ದೆವು ಎಂಬ ಲೆಕ್ಕ ಇರುತ್ತದೆ. ಇಲ್ಲಿ ಲೆಕ್ಕ ಇಡಲು ಬರುವುದಿಲ್ಲ. ನೀವು ನೆಟ್ಟ ಗದ್ದೆಯಲ್ಲಿ ಯಾರು ಉಂಡರು ಎಂದೇ ಗೊತ್ತಾಗುವುದಿಲ್ಲ. ಜೋಯಿಡಾವನ್ನು ಸರಿ ಮಾಡಿಕೊಟ್ಟವರಿಗೆ ನಾನು ಏನೂ ಹಿಂದಿರುಗಿಸಿಲ್ಲ. ಹಿಂದಿರುಗಿಸುವುದು ಯಾರಿಗೆ ಎಂದೂ ಗೊತ್ತಿಲ್ಲ.

ಇಷ್ಟಾದ ಮೇಲೆ ನಮ್ಮ ನೋಟ್‌ಬುಕ್ಕಿಗೆಂದು ಬರೆದುಕೊಂಡ ಚೂರುಪಾರು ಕೋಡನ್ನೆಲ್ಲ ಒಂದು ಲೈಬ್ರರಿಯಾಗಿ ಕಟ್ಟಿ ಬಿಡುಗಡೆ ಮಾಡೋಣ ಎಂದು ನಿರ್ಧರಿಸಿದೆವು. ಊರಿನ ಹೆಸರುಗಳನ್ನು ಶುಚಿ ಮಾಡಿ, ಒಂದೇ ಹೆಸರಿನ ಬೇರೆ ಬೇರೆ ಬರಹಗಳನ್ನು ಹೊಂದಿಸಿ ತೋರಿಸುವುದು ಅದರ ಕೆಲಸ. ಕೋಡು ಬರೆಯುವುದು ಒಂದು, ಬಿಡುಗಡೆ ಮಾಡುವುದು ಬೇರೆ. ಮನೆಯವರಿಗೆ ಅಡುಗೆ ಮಾಡುವುದಕ್ಕೂ ಖಾನಾವಳಿ ತೆರೆಯುವುದಕ್ಕೂ ಇರುವಷ್ಟು ಅಂತರ.

ಮೊದಲು ಲೈಸೆನ್ಸ್. ಕೋಡನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಮುಕ್ತವಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ಬರೆದವರು ಅನುಮತಿ ಬರೆದುಕೊಡದಿದ್ದರೆ ಬೇರೆಯವರು ಅದನ್ನು ನಕಲು ಮಾಡುವಂತಿಲ್ಲ, ತಿದ್ದಿ ಹಂಚುವಂತಿಲ್ಲ. ಆ ಅನುಮತಿ ಪತ್ರವೇ ಲೈಸೆನ್ಸ್. ಎಂಐಟಿ ಲೈಸೆನ್ಸ್ ಎಂಬುದು ಅರ್ಧ ಪುಟದ್ದು: ನನ್ನ ಹೆಸರು ಉಳಿಸಿ, ಏನು ಬೇಕಾದರೂ ಮಾಡಿಕೊಳ್ಳಿ, ಕೆಟ್ಟರೆ ನಾನು ಹೊಣೆಯಲ್ಲ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಜಿಪಿಎಲ್ ಇನ್ನೊಂದು ಷರತ್ತು ಸೇರಿಸುತ್ತದೆ: ನೀವು ತಿದ್ದಿ ಹಂಚಿದರೆ ನಿಮ್ಮ ತಿದ್ದುಪಡಿಯೂ ಇದೇ ಷರತ್ತಿನಲ್ಲಿ ಎಲ್ಲರಿಗೂ ತೆರೆದಿರಬೇಕು. ಯಾವುದನ್ನು ಆರಿಸಬೇಕು ಎಂಬ ಬಗ್ಗೆ ಜನ ರಾತ್ರಿಯಿಡೀ ಜಗಳವಾಡುತ್ತಾರೆ. ನಮ್ಮ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು: ಹೆಸರುಗಳು ಅಜ್ಜನವು, ಕೋಡು ಮಾತ್ರ ನಮ್ಮದು. ಅಜ್ಜನ ಪಟ್ಟಿಯನ್ನು ಕೋಡಿನ ಜೊತೆ ಸೇರಿಸದೆ ಬೇರೆಯೇ ಇಟ್ಟೆವು. ಈ ಎಚ್ಚರ ಬಹಳ ಮುಖ್ಯ ಎಂದು ನನ್ನ ಅಭಿಪ್ರಾಯ. ಒಂದು ಸಮುದಾಯದ ನೆನಪನ್ನು ಮುಕ್ತಗೊಳಿಸುವ ಹಕ್ಕು ಕೋಡು ಬರೆದವನಿಗೆ ತಾನಾಗಿ ಬರುವುದಿಲ್ಲ.

ಆ ಹಕ್ಕು ಇದ್ದವರು ತಾವಾಗಿ ಬಿಟ್ಟುಕೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಉದಾಹರಣೆ ಇದೆ. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕುಳಿತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದರು. 2019ರಲ್ಲಿ ಅದು 'ಅಲರ್' ಎಂಬ ಹೆಸರಿನಲ್ಲಿ ಅಂತರ್ಜಾಲಕ್ಕೆ ಬಂತು. ಬಂದದ್ದು ಓದುವುದಕ್ಕಷ್ಟೇ ಅಲ್ಲ. ಇಡೀ ದತ್ತಾಂಶವೇ ಮುಕ್ತ ಲೈಸೆನ್ಸಿನಲ್ಲಿ, ಯಾರು ಬೇಕಾದರೂ ಇಳಿಸಿಕೊಂಡು ಬಳಸುವ ಹಾಗೆ. ಅದನ್ನು ಅಂತರ್ಜಾಲಕ್ಕೆ ತಂದ ತಂತ್ರಾಂಶ ತಜ್ಞ ಕೈಲಾಶ್ ನಾಧ್ ಮಲಯಾಳಂ ನಿಘಂಟು 'ಓಳಂ' ಅನ್ನು ಮೊದಲೇ ನಡೆಸುತ್ತಿದ್ದವರು. ನಿಘಂಟಿನ ಜೊತೆಗೆ ಅವರು ಕೆಎನ್‌ಫೋನ್ ಎಂಬ ಲೈಬ್ರರಿಯನ್ನೂ ಬಿಡುಗಡೆ ಮಾಡಿದರು. ಕಾಗುಣಿತ ತಪ್ಪಿ ಹುಡುಕಿದರೂ ಪದ ಸಿಗುವಂತೆ ಮಾಡುವುದು ಅದರ ಕೆಲಸ. ಬರೆದದ್ದನ್ನು ಬಿಟ್ಟು, ಕೇಳಿಸುವುದನ್ನು ಹಿಡಿಯುತ್ತದೆ. ಒಂದು ಪದ ಕೊಟ್ಟರೆ ಅದರ ಉಚ್ಚಾರಣೆಯ ಮೂರು ಕೀಲಿ ಕೊಡುತ್ತದೆ: ಮೊದಲನೆಯದು ತೀರ ಸಡಿಲ, ಮೂರನೆಯದು ಬಿಗಿ. ಸಡಿಲ ಕೀಲಿಯಲ್ಲಿ ಬಕಾರ ಭಕಾರದ ಗೊಂದಲ ಲೆಕ್ಕಕ್ಕೆ ಬರುವುದಿಲ್ಲ. ಬಿಗಿಯಾಗುತ್ತ ಹೋದಂತೆ ಹೊಂದಿಕೆ ನಿಖರವಾಗುತ್ತದೆ. ಇಂಗ್ಲಿಷಿಗೆ 1990ರ ಮೆಟಾಫೋನ್ ಮಾಡುತ್ತಿದ್ದ ಕೆಲಸ ಇದು. ಮಲಯಾಳಕ್ಕೆ ಬರೆದದ್ದರ ದಾರಿಯಲ್ಲೇ ಕನ್ನಡಕ್ಕೂ ಬಂತು. ಬೆಳಗಾವಿ ಕಡೆಯವರು ಒಂದು ಥರ, ಕರಾವಳಿಯವರು ಒಂದು ಥರ, ಕೊಂಕಣಿ ಮನೆಮಾತಿನವರು ಇನ್ನೊಂದು ಥರ ಬರೆಯುವ ಊರಿನ ಹೆಸರುಗಳಿಗೆ ಇಂಥದ್ದು ಎಷ್ಟು ಬೇಕು ಎಂದು ನಮ್ಮ ಪಟ್ಟಿ ಹಿಡಿದು ಕುಳಿತವರಿಗೆ ಗೊತ್ತು.

ಲೈಸೆನ್ಸ್ ಆದ ಮೇಲೆ ಆವೃತ್ತಿಯ ಸಂಖ್ಯೆ. ಮೂರು ಅಂಕಿ, ನಡುವೆ ಚುಕ್ಕಿ. ಕೊನೆಯ ಅಂಕಿ ಏರಿದರೆ ಬರೀ ತಪ್ಪು ತಿದ್ದಿದ್ದೇವೆ ಎಂದರ್ಥ. ನಡುವಿನದು ಏರಿದರೆ ಹೊಸದೇನೋ ಸೇರಿಸಿದ್ದೇವೆ, ಹಳೆಯದು ಹಾಗೇ ನಡೆಯುತ್ತದೆ. ಮೊದಲನೆಯದು ಏರಿದರೆ ಎಚ್ಚರ, ನಿಮ್ಮ ಪ್ರೋಗ್ರಾಂ ಮುರಿಯಬಹುದು. ಗುರುತಿಲ್ಲದ ಬಳಕೆದಾರರಿಗೆ ಮುಖ ನೋಡದೆ ಕೊಡುವ ಮಾತು ಇದು. ನಾವು 0.1.0 ಎಂದು ಶುರು ಮಾಡಿದೆವು. ಮೊದಲಿನ ಸೊನ್ನೆ, ಇನ್ನೂ ಗಟ್ಟಿಯಾಗಿಲ್ಲ, ನಂಬಿ ಕೂರಬೇಡಿ ಎಂಬ ಸೂಚನೆ. ಅದಾದ ಮೇಲೆ ವಿವರಣೆಯ ಕಡತ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆವು. ಬದಲಾವಣೆಗಳ ಪಟ್ಟಿ. ಪರೀಕ್ಷೆಗಳು. ಎಲ್ಲ ಕಟ್ಟಿ ಪೈಥಾನ್ ಲೈಬ್ರರಿಗಳ ಉಗ್ರಾಣಕ್ಕೆ ಏರಿಸಿದೆವು. ಅಲ್ಲಿಂದ ಜಗತ್ತಿನಲ್ಲಿ ಯಾರಾದರೂ ಒಂದು ಸಾಲು ಬರೆದರೆ ನಮ್ಮ ಕೋಡು ಅವರ ಯಂತ್ರಕ್ಕೆ ಹೋಗಿ ಕೂರುತ್ತದೆ.

ನಾನು ದೊಡ್ಡ ತಪ್ಪು ಮಾಡಿದ್ದು 0.2.0ರಲ್ಲಿ. ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ಎರಡು ಗುರುತುಗಳು ಬರುತ್ತವೆ, 8204 ಮತ್ತು 8205 ಸಂಖ್ಯೆಯವು. ನಮ್ಮ ಪಟ್ಟಿಯಲ್ಲಿ ಅವು ಬೇಡದ ಕಡೆಯೆಲ್ಲ ಸೇರಿ ಹುಡುಕಾಟ ಕೆಡಿಸುತ್ತಿದ್ದವು. ಕಾಣುವುದಿಲ್ಲ ಎಂದ ಮೇಲೆ ಕಸವೇ ಎಂದು ತಿಳಿದು ಎಲ್ಲವನ್ನೂ ಅಳಿಸುವ ಕೋಡು ಬರೆದು ಬಿಡುಗಡೆ ಮಾಡಿಬಿಟ್ಟೆ. ವಾರದೊಳಗೆ ಒಬ್ಬರ ದೂರು ಬಂತು. 'ಕ್ಯಾಸಲ್‌ರಾಕ್' ಎಂದು ಕೊಟ್ಟರೆ ನಿಮ್ಮ ಲೈಬ್ರರಿ 'ಕ್ಯಾಸಲ್ರಾಕ್' ಎಂದು ಕೊಡುತ್ತಿದೆ. ಕ್ಯಾಸಲ್‌ರಾಕ್ ನಮ್ಮ ತಾಲೂಕಿನ ರೈಲ್ವೆ ಸ್ಟೇಷನ್. ಗೋವೆಗೆ ಇಳಿಯುವ ಘಟ್ಟದ ನೆತ್ತಿಯಲ್ಲಿರುವ ಊರು. ಅದರ 'ಲ್' ಬಿಡಿಯಾಗಿ ನಿಲ್ಲಬೇಕಾದರೆ ಅದರ ಪಕ್ಕ 8204 ಇರಲೇಬೇಕು, ಇಲ್ಲದಿದ್ದರೆ 'ರಾ' ಒತ್ತಾಗಿ ಕೆಳಗೆ ಹೋಗುತ್ತದೆ. ಈ ಲೇಖನದ 'ನೋಟ್‌ಬುಕ್' ಎಂಬ ಪದದಲ್ಲೂ ಅದು ಇದೆ. 8205 ಇಲ್ಲದಿದ್ದರೆ 'ರ‍್ಯಾಂಕ್' ಎಂದು ಬರೆಯುವ ಹಾಗೇ ಇಲ್ಲ, ರಕಾರ ಅರ್ಕಾವತ್ತಾಗಿ ಜಾರುತ್ತದೆ. ಕಾಣದ ಗುರುತು ಕೂಡ ಕಾಗುಣಿತವೇ ಎಂದು ನನಗೆ ತಿಳಿದಿರಲಿಲ್ಲ. ನನ್ನದೇ ತಾಲೂಕಿನ ಊರಿನ ಹೆಸರನ್ನು ನಾನೇ ಕೆಡಿಸಿ ಊರೂರಿಗೆ ಕಳಿಸಿದ್ದೆ. ಅಂದೇ ರಾತ್ರಿ ತಿದ್ದಿ 0.2.1 ಹೊರಬಿಟ್ಟೆ, ಬದಲಾವಣೆಗಳ ಪಟ್ಟಿಯಲ್ಲಿ ತಪ್ಪು ಏನೆಂದು ಬಿಡಿಸಿ ಬರೆದೆ, ದೂರು ಕೊಟ್ಟವರಿಗೆ ಕೃತಜ್ಞತೆ ಬರೆದೆ. ಹುಡುಕುವಾಗ ಮಾತ್ರ ಆ ಗುರುತುಗಳನ್ನು ಬದಿಗಿಟ್ಟು, ಮೂಲ ಬರಹವನ್ನು ಮುಟ್ಟದೆ ಉಳಿಸಿದೆವು. ಆ ದೂರು ನನಗೆ ಸಿಕ್ಕ ಅತಿ ಒಳ್ಳೆಯ ಕೊಡುಗೆ. ಅದರಲ್ಲಿ ಕೋಡಿನ ಒಂದಕ್ಷರವೂ ಇರಲಿಲ್ಲ. ಏನು ಕೊಟ್ಟೆ, ಏನು ಬಂತು, ಏನು ಬರಬೇಕಿತ್ತು: ಮೂರೇ ಸಾಲು. ಕೋಡು ಬಾರದವರೂ ಅಂಥ ಮೂರು ಸಾಲು ಬರೆಯಬಹುದು, ಕನ್ನಡ ಬರಬೇಕು ಅಷ್ಟೆ.

ಬಿಡುಗಡೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವುದೂ ಸುಲಭವಲ್ಲ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಲೋಕದ 'ಲೆಫ್ಟ್‌ಪ್ಯಾಡ್' ಎಂಬ 11 ಸಾಲಿನ ಲೈಬ್ರರಿಯನ್ನು ಅದರ ಲೇಖಕ ಒಂದು ಜಗಳದ ನಂತರ ಉಗ್ರಾಣದಿಂದ ತೆಗೆದುಹಾಕಿದಾಗ, ಅದರ ಮೇಲೆ ನಿಂತಿದ್ದ ಸಾವಿರಾರು ತಂತ್ರಾಂಶಗಳ ಕೆಲಸ ಕೆಲವು ಗಂಟೆ ನಿಂತುಹೋಯಿತು. ಪದದ ಎಡಕ್ಕೆ ಜಾಗ ತುಂಬುವುದಷ್ಟೇ ಅದರ ಕೆಲಸವಾಗಿತ್ತು. ಇನ್ನೂ ಗಂಭೀರವಾದದ್ದು 2024ರ ಎಕ್ಸ್‌ಝಡ್ ಪ್ರಕರಣ. ಕಡತಗಳನ್ನು ಅಡಕ ಮಾಡುವ ಆ ಲೈಬ್ರರಿಯನ್ನು ಲಾಸ್ಸೆ ಕಾಲಿನ್ ಎಂಬ ಒಬ್ಬರೇ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು. ನೆರವಿಗೆ ಬಂದವನಂತೆ ನಟಿಸಿದ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ತಿದ್ದುಪಡಿಗಳನ್ನೇ ಕಳಿಸಿ ವಿಶ್ವಾಸ ಗಳಿಸಿ, ಕೊನೆಗೆ ಸರ್ವರ್‌ಗಳಿಗೆ ಕಳ್ಳಬಾಗಿಲು ಇಡುವ ಕೋಡು ಸೇರಿಸಿದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. ಕಾಲಿನ್ ಅವರ ದಣಿವಿನ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಕನ್ನಡದ ಫಾಂಟು, ಪರಿವರ್ತಕ, ನಿಘಂಟುಗಳ ಹಿಂದೆಯೂ ಹೀಗೇ ಒಬ್ಬರು ಇಬ್ಬರು, ಹಗಲು ಬೇರೆ ನೌಕರಿ ಮಾಡಿ ರಾತ್ರಿ ಕುಳಿತವರು. ಅವರಿಗೆ ಹೊಗಳಿಕೆಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂರುವ ಇನ್ನೊಂದು ಜೊತೆ ಕೈ ಬೇಕು.

ಆ ಕೈ ನಮ್ಮ ಕಡೆಯಿಂದ ಏಕೆ ಬರಬೇಕು ಎಂಬುದಕ್ಕೆ ಒಂದು ಕಾರಣವಿದೆ. ಜೋಯಿಡಾದ ಕುಣಬಿ ಸಮುದಾಯದ ಮನೆಮಾತು ಕೊಂಕಣಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳದ್ದೂ ಕೊಂಕಣಿಯ ಒಂದು ಬಗೆ. ಘಟ್ಟದ ಮೇಲಿನ ತೋಟಗಳಲ್ಲಿ ಹವ್ಯಕ ಕನ್ನಡ. ಈ ಮಾತುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವಾಗ ಮೂಗಿನಲ್ಲಿ ಹೊರಡುವ ಸ್ವರಕ್ಕೆ ನಮ್ಮ ಸಾಮಾನ್ಯ ಅನುಸ್ವಾರ ಸಾಲದು. ಅಕ್ಷರದ ಮೇಲೆ ಬಲಕ್ಕೆ ಕೂರುವ ಇನ್ನೊಂದು ಅನುಸ್ವಾರ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 15ನೇ ಆವೃತ್ತಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಕನ್ನಡದ ಓಣಿಯಲ್ಲಿ ಖಾಲಿ ಇದ್ದ 3315ನೇ ಮನೆ. ಕೊಂಕಣಿಗೂ ಹವ್ಯಕ ಕನ್ನಡಕ್ಕೂ ಬಳಕೆಯಾಗುವ ಗುರುತು ಎಂದೇ ಅದನ್ನು ಸೇರಿಸಿದ್ದಾರೆ. ಅದನ್ನು ಇಲ್ಲಿ ಅಚ್ಚು ಹಾಕಿಲ್ಲ, ಫಾಂಟಿನಲ್ಲಿ ಇಲ್ಲದಿದ್ದರೆ ಖಾಲಿ ಚೌಕ ಕಂಡೀತು. ಮನೆ ಸಂಖ್ಯೆ ಸಿಕ್ಕ ಮಾತ್ರಕ್ಕೆ ವಾಸ ಶುರುವಾಗುವುದಿಲ್ಲವಲ್ಲ. ಫಾಂಟು ಅದಕ್ಕೆ ಆಕಾರ ಕೊಡಬೇಕು, ಕೀಲಿಮಣೆ ಅದಕ್ಕೊಂದು ಕೀಲಿ ಕೊಡಬೇಕು, ಪಠ್ಯ ತೊಳೆಯುವ ಲೈಬ್ರರಿ ಅದನ್ನು ಕಸವೆಂದು ಎಸೆಯದಿರಬೇಕು. ಬೆಂಗಳೂರಿನಲ್ಲಿ ಕುಳಿತವರಿಗೆ ಇದರ ಕೊರತೆ ಕಾಣುವುದು ಕಷ್ಟ. ಇಲ್ಲಿ ಹುಟ್ಟಿದವರಿಗೆ ನಾಲಿಗೆಯ ಮೇಲೇ ಇದೆ.

ಅಜ್ಜನ ನೋಟ್‌ಬುಕ್ಕಿಗೆ ಮೊನ್ನೆ ಮತ್ತೆ ಹೋದಾಗ ನಾನು ಗಮನಿಸಿದೆ. ಕೆಲವು ಹೆಸರುಗಳ ಕೊನೆಯಲ್ಲಿ, ಅಕ್ಷರದ ತಲೆಯ ಬಲಕ್ಕೆ, ಅವರು ಪೆನ್ನಿನಿಂದ ಸಣ್ಣದೊಂದು ಸುತ್ತು ಹಾಕಿದ್ದಾರೆ. ಕಂಪ್ಯೂಟರಿಗೆ ಇಳಿಸುವಾಗ ನಾವು ಮೂವರೂ ಅದನ್ನು ಶಾಯಿಯ ಕಲೆ ಎಂದುಕೊಂಡೋ, ಸಾಮಾನ್ಯ ಅನುಸ್ವಾರ ಎಂದುಕೊಂಡೋ ದಾಟಿಬಿಟ್ಟಿದ್ದೆವು. ಎಣಿಸಿದರೆ 23 ಹೆಸರು. ನಮ್ಮ ಲೈಬ್ರರಿಯಲ್ಲಿ ಅಕ್ಷರಗಳ ಪಟ್ಟಿ ಹಳೆಯದು, 3315 ಅದರಲ್ಲಿ ಇಲ್ಲ. ಆ ಹೆಸರುಗಳಲ್ಲೊಂದನ್ನು ಹಾಕಿ ಪರೀಕ್ಷೆಯ ಸಾಲು ಬರೆದಿದ್ದೇನೆ. ಓಡಿಸಿದಾಗಲೆಲ್ಲ ಫೇಲ್ ಎಂದು ಬರುತ್ತಿದೆ. ಪಟ್ಟಿಗೆ ಸಂಖ್ಯೆ ಸೇರಿಸುವುದು ಐದು ನಿಮಿಷದ ಕೆಲಸ. ಆದರೆ ಹುಡುಕುವಾಗ ಸುತ್ತು ಇರುವ ಹೆಸರು, ಇಲ್ಲದ ಹೆಸರು ಎರಡೂ ಒಂದೇ ಎಂದು ಲೆಕ್ಕ ಹಾಕಬೇಕೋ, ಬೇರೆ ಎಂದೋ? ಕೊಂಕಣಿಯಲ್ಲಿ ಮೂಗಿನ ಸ್ವರ ಬದಲಾದರೆ ಅರ್ಥವೇ ಬದಲಾಗುವುದುಂಟು. ಕ್ಯಾಸಲ್‌ರಾಕ್ ಕೆಡಿಸಿದ ಮೇಲೆ ಇಂಥದ್ದನ್ನು ನಾನೊಬ್ಬನೇ ಕುಳಿತು ತೀರ್ಮಾನಿಸುವುದಿಲ್ಲ. ಈ ಶನಿವಾರ ನೋಟ್‌ಬುಕ್ ಹಿಡಿದು ಅಜ್ಜನ ಮನೆಗೆ ಹೋಗಿ, ಆ 23 ಹೆಸರನ್ನೂ ಅವರ ಬಾಯಿಂದಲೇ ಒಂದೊಂದಾಗಿ ಕೇಳಿಸಿಕೊಳ್ಳಬೇಕು.